ಕೈಚೀಲದ ಮೇಲಿನ ಕಾಡು

ಮುಂಬಯಿಯ ಜನ ನಿಸರ್ಗವನ್ನು ಅತಿ ಹೆಚ್ಚಾಗಿ ನೋಡುವುದು ಎಲ್ಲಿ? ಬೊರಿವಿಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಎಂದು ಒಬ್ಬರು ಹೇಳಿಯಾರು, ಶಿವಡಿಯ ಕೆಸರುಬಯಲಿನಲ್ಲಿ ಎಂದು ಇನ್ನೊಬ್ಬರು. ನನ್ನನ್ನು ಕೇಳಿದರೆ ಲೋಕಲ್ ಗಾಡಿಯ ಡಬ್ಬಿಯಲ್ಲಿ, ತಲೆಯ ಮೇಲೆ ಸಾಮಾನಿಡುವ ಜಾಲರಿಯ ಮೇಲೆ! ಬೆಳಗಿನ ಯಾವ ಗಾಡಿಯಲ್ಲಾದರೂ ತಲೆಯೆತ್ತಿ ನೋಡಿ. ಜಲಪಾತ, ಸೂರ್ಯಕಾಂತಿಯ ಹೊಲ, ಹಿಮ ಮುಚ್ಚಿದ ಬೆಟ್ಟ, ಕೆಂಪು ಹಸಿರು ಗಿಳಿ, ಗುರಾಯಿಸುವ ಚಿರತೆ, ಒಂಟಿಕಾಲಲ್ಲಿ ನಿಂತ ರಾಜಹಂಸ. ಒಳಗೆ ಊಟದ ಡಬ್ಬಿ, ಒದ್ದೆ ಛತ್ರಿ, ಒಂದು ಪಾವ್ ಮೆಣಸಿನಕಾಯಿ. ಹೊರಗೆ ಮಹಾರಣ್ಯ.

ಮರಾಠಿಯವರ ಪಿಶವಿ, ಹಿಂದಿಯವರ ಥೈಲಿ, ನಮ್ಮ ಊರ ಕಡೆಯ ಸಂಚಿ, ಚೀಲ — ಹೆಸರು ಏನೇ ಇರಲಿ, ದಿನಾ ಕೈಯಲ್ಲಿ ಹಿಡಿಯುವ ಈ ವಸ್ತುವಿನ ಮೇಲಿನ ಚಿತ್ರವನ್ನು ನಾವು ನೋಡುವುದಿಲ್ಲ. ಕ್ಯಾಲೆಂಡರಿನ ಚಿತ್ರಕ್ಕಾದರೂ ತಿಂಗಳಿಗೊಮ್ಮೆ ಪುಟ ತಿರುವುವಾಗ ಒಂದು ನೋಟ ಸಿಕ್ಕುತ್ತದೆ. ಚೀಲದ ಚಿತ್ರಕ್ಕೆ ಅದೂ ಇಲ್ಲ. ಆ ಚಿತ್ರ ಅಲ್ಲಿಗೆ ಹೇಗೆ ಬಂತು, ಯಾವ ಕಾಡಿನದು, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಹಕ್ಕಿ ನೋಡುವವರು ದುರ್ಬೀನು ಹಿಡಿದು ಹೋದಂತೆ ನಾನು ಕೆಲವು ತಿಂಗಳು ಚೀಲ ನೋಡುತ್ತ ತಿರುಗಿದೆ. ದಾದರಿನ ಸೇತುವೆಯ ಮೇಲೆ, ಮಾಟುಂಗದ ಮಾರ್ಕೆಟ್ಟಿನಲ್ಲಿ, ಕುರ್ಲಾದಿಂದ ಊರಿಗೆ ಹೊರಡುವ ಮತ್ಸ್ಯಗಂಧಾ ಗಾಡಿಯ ಪ್ಲಾಟ್‌ಫಾರ್ಮಿನಲ್ಲಿ. ಮೊದಲು ಗಮನಕ್ಕೆ ಬಂದದ್ದು ಚಿರತೆ. ಚಿರತೆಯ ಮೈಮೇಲೆ ಕಪ್ಪು ಚುಕ್ಕೆಗಳು ಹೂವಿನ ಎಸಳಿನ ಹಾಗೆ ಗುಂಪುಗುಂಪಾಗಿ ಇರುತ್ತವಲ್ಲ, ಆ ಹೂವಿನ ನಡುವೆ ಬರಿದು. ಅದೇ ಹೂವಿನ ನಡುವೆ ಮತ್ತೆ ಒಂದೆರಡು ಸಣ್ಣ ಚುಕ್ಕೆ ಇದ್ದು, ಮೈ ಕಟ್ಟುಮಸ್ತಾಗಿ, ತಲೆ ದಪ್ಪಗಿದ್ದರೆ ಅದು ಚಿರತೆಯೇ ಅಲ್ಲ, ದಕ್ಷಿಣ ಅಮೆರಿಕದ ಜಾಗ್ವಾರ್. ನಾನು ಹತ್ತಿರದಿಂದ ನೋಡಿದ ‘ಚಿರತೆ’ಗಳಲ್ಲಿ ಎಷ್ಟೋ ಜಾಗ್ವಾರ್‌ಗಳು. ತಮಾಷೆ ನೋಡಿ, ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಅದರ ಮಗ್ಗುಲಿನ ಆರೆಯಲ್ಲಿ ನಿಜವಾದ ಚಿರತೆಗಳು ಓಡಾಡಿಕೊಂಡಿವೆ. ಇಷ್ಟು ದೊಡ್ಡ ಶಹರದ ಹೊಟ್ಟೆಯೊಳಗೇ ಚಿರತೆ ಬದುಕುವ ಊರು ಲೋಕದಲ್ಲಿ ಅಪರೂಪ. ಆದರೆ ಅಂಥ ಊರಿನವರು ಹಿಡಿದು ತಿರುಗುವ ಚೀಲದ ಮೇಲೆ ಅಮೆಜಾನಿನ ಪ್ರಾಣಿ!

ಹಾರ್ನ್‌ಬಿಲ್ ಕಥೆಯೂ ಇದೇ. ದೊಡ್ಡ ಹಳದಿ ಕೊಕ್ಕು, ಅದರ ಮೇಲೆ ಟೋಪಿ ಇಟ್ಟಂತೆ ಇನ್ನೊಂದು ಕೊಂಬು ಇರುವುದು ನಮ್ಮ ಪಶ್ಚಿಮ ಘಟ್ಟದ ಹಕ್ಕಿ. ದಾಂಡೇಲಿಗೆ ಹೋದವರು ಕಂಡಿರಬಹುದು. ಟೋಪಿ ಇಲ್ಲದೆ ಬರೀ ಬಣ್ಣಬಣ್ಣದ ಕೊಕ್ಕಿದ್ದರೆ ಅದು ಟೂಕಾನ್, ಅದೂ ಅಮೆರಿಕ ಖಂಡದ್ದೇ. ಚೀಲದ ಮೇಲೆ ಟೂಕಾನ್ ಬೇಕಾದಷ್ಟು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನವೇ ಹಾರ್ನ್‌ಬಿಲ್. ವಿಲಿಯಂ ಎಂಬ ಹೆಸರಿನ ಒಂದು ಹಾರ್ನ್‌ಬಿಲ್ 1894ರಿಂದ 1920ರವರೆಗೆ ಆ ಸಂಸ್ಥೆಯ ಕೋಣೆಗಳಲ್ಲಿಯೇ ಮನೆಯವನಂತೆ ಇತ್ತು. ಇಂಥ ಹಕ್ಕಿಯ ಊರಿನಲ್ಲಿ ಟೂಕಾನಿಗೆ ಏನು ಕೆಲಸ ಎಂದು ಕೇಳಬೇಕಾಗುತ್ತದೆ.

ರಾಜಹಂಸದ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವು ರಾಜಹಂಸ ಎನ್ನುವ ಫ್ಲೆಮಿಂಗೊವನ್ನು ಮರಾಠಿಯಲ್ಲಿ ರೋಹಿತ ಎನ್ನುತ್ತಾರೆ, ಅಗ್ನಿಪಂಖ ಎಂಬ ಹೆಸರೂ ಇದೆ. ಚಳಿಗಾಲದಿಂದ ಮಳೆ ಬರುವವರೆಗೆ ಠಾಣೆಯ ಖಾಡಿಯ ಉದ್ದಕ್ಕೂ ಇವು ಬಂದು ಇಳಿಯುತ್ತವೆ. ಒಳ್ಳೆಯ ವರ್ಷಗಳಲ್ಲಿ ಇವುಗಳ ಲೆಕ್ಕ ಲಕ್ಷ ದಾಟಿದ್ದೂ ಇದೆ. 2015ರಲ್ಲಿ ಅಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯಿತು, 2022ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ಬರುವುದು ಎರಡು ಜಾತಿ. ದೊಡ್ಡದು ಹೆಚ್ಚುಕಡಿಮೆ ಬಿಳಿ. ಮೈಗೆ ನಸು ಗುಲಾಬಿ ಛಾಯೆ ಅಷ್ಟೆ, ಕೊಕ್ಕು ಗುಲಾಬಿ, ತುದಿ ಕಪ್ಪು. ಚಿಕ್ಕದರ ಗುಲಾಬಿ ಇನ್ನಷ್ಟು ಗಾಢ, ಕೊಕ್ಕು ಕಪ್ಪುಗೆಂಪು. ಮರಿಗಳಂತೂ ಬೂದು ಬಣ್ಣ. ನಿಂತಾಗ ಕಾಣದ ಕೆಂಪು ರೆಕ್ಕೆ ಬಿಚ್ಚಿದಾಗ ಭಗ್ಗನೆ ಕಾಣುತ್ತದೆ. ಅಗ್ನಿಪಂಖ ಎಂಬ ಹೆಸರಿನ ಅರ್ಥ ತಿಳಿಯುವುದು ಆಗಲೇ. ಆ ಬಣ್ಣವೂ ಹುಟ್ಟಿನಿಂದ ಬಂದದ್ದಲ್ಲ, ಕೆಸರುನೀರಿನ ಪಾಚಿಯಲ್ಲಿರುವ ಬಣ್ಣದ ಅಂಶ ತಿಂದು ತಿಂದು ಮೈಗೆ ಹತ್ತಿದ್ದು.

ಚೀಲದ ಮೇಲಿನ ಹಕ್ಕಿಯೋ, ತಲೆಯಿಂದ ಬಾಲದವರೆಗೆ ಒಂದೇ ಸಮ ಕೆಂಪು, ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ. ಅದು ಕೆರಿಬಿಯನ್ ಸಮುದ್ರದ ಕಡೆಯ ಬೇರೆ ಜಾತಿ. ನಮ್ಮ ಚಾಳಿನ ಒಬ್ಬ ಹುಡುಗನನ್ನು ಫೆಬ್ರವರಿಯಲ್ಲಿ ಒಮ್ಮೆ ಶಿವಡಿ ಜೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಇಳಿತದ ಹೊತ್ತು, ಎದುರಿಗೆ ಕೆಸರಿನ ಮೇಲೆ ನೂರಾರು ಹಕ್ಕಿ. ಹುಡುಗ ಐದು ನಿಮಿಷ ನೋಡಿ, “ಅಣ್ಣಾ, ಇವು ಡುಪ್ಲಿಕೇಟ್. ಅಮ್ಮನ ಚೀಲದಲ್ಲಿರೋದು ಅಸಲಿ” ಅಂದ. ನಕ್ಕೆ. ಆದರೆ ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ. ಕಣ್ಣೆದುರಿನ ಹಕ್ಕಿ ಸುಳ್ಳಾಗಿ ಚೀಲದ ಹಕ್ಕಿ ನಿಜವಾಗುವುದು ಸಣ್ಣ ಸಂಗತಿಯಲ್ಲ ಮಾರಾಯ್ರೆ. ‘ಡುಪ್ಲಿಕೇಟ್’ ಹಕ್ಕಿಯ ಖಾಡಿಗೆ ಮಣ್ಣು ತುಂಬಿದರೆ ನಾಳೆ ಅಳುವವರು ಯಾರು?

ಬೆಟ್ಟ ನದಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಮ, ದೇವದಾರಿನಂಥ ಮೊನಚು ಮರ, ಕೆಂಪೇರಿದ ಶರತ್ಕಾಲದ ಎಲೆ. ನಾಲ್ಕು ತಿಂಗಳು ಹಸಿರು, ಆಮೇಲೆ ಒಣಹುಲ್ಲಿನ ಕಂದು ಬಣ್ಣಕ್ಕೆ ತಿರುಗುವ ನಮ್ಮ ಸಹ್ಯಾದ್ರಿ ಅಲ್ಲಿಲ್ಲ. 253 ಮೀಟರ್ ಧುಮುಕುವ ಜೋಗವನ್ನು ಒಂದೇ ಒಂದು ಚೀಲದ ಮೇಲೆ ಕಂಡೆ. ಅದೂ ಊರಿನಿಂದ ಬಂದವರ ಕೈಯಲ್ಲಿ.

ಹೀಗೇಕೆ? ಅಂಗಡಿಯವನಿಗೆ ಸ್ವದೇಶಾಭಿಮಾನ ಇಲ್ಲ ಎಂದು ಬೈದು ಸುಮ್ಮನಾಗಬಹುದು. ಅದು ಸುಲಭ, ಆದರೆ ಸರಿಯಲ್ಲ. ಕಾರಣ ಅಚ್ಚಿನ ವಿದ್ಯೆಯಲ್ಲಿದೆ. ಅದು ತಿಳಿಯಬೇಕಾದರೆ ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯಿಂದಲೇ ಶುರುಮಾಡೋಣ.

ಸೈಕ್ಲೋಸ್ಟೈಲ್ ಎಂದರೆ ಏನು? ಮೇಣ ಸವರಿದ ತೆಳು ಹಾಳೆ. ಟೈಪಿನ ಅಚ್ಚಿನಿಂದಲೋ ಮೊನೆಯ ಕಡ್ಡಿಯಿಂದಲೋ ಅಕ್ಷರ ಕೊರೆದರೆ ಅಲ್ಲಿ ಮೇಣ ಹೋಗುತ್ತದೆ. ಶಾಯಿ ಆ ದಾರಿಯಿಂದ ನುಸುಳಿ ಕಾಗದಕ್ಕೆ ಹತ್ತುತ್ತದೆ. ದಾರಿ ಇದ್ದಲ್ಲಿ ಕಪ್ಪು, ಇಲ್ಲದಲ್ಲಿ ಬಿಳಿ. ನಡುವೆ ಬೂದು ಎಂಬುದಿಲ್ಲ. ಛಾಯಾಚಿತ್ರದ ಜೀವವಿರುವುದೇ ಆ ನಡುವಿನ ನೂರಾರು ಬೂದುಗಳಲ್ಲಿ. ಹಾಗಾಗಿಯೇ ಇಂಥ ಪತ್ರಿಕೆಯಲ್ಲಿ ಗೆರೆಚಿತ್ರ ಬಂದೀತು, ಫೋಟೋ ಬಾರದು.

ಚೀಲಕ್ಕೆ ಬಳಸುವ ಸ್ಕ್ರೀನ್ ಮುದ್ರಣ ಇದರ ಒಡಹುಟ್ಟು. ಮೇಣದ ಹಾಳೆಯ ಬದಲು ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ. ಅದಕ್ಕೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಚಿತ್ರದ ಫಿಲ್ಮನ್ನು ಅದರ ಮೇಲಿಟ್ಟು ಬೆಳಕು ಬಿಡುತ್ತಾರೆ. ಫಿಲ್ಮಿನ ಕಪ್ಪು ಭಾಗದ ನೆರಳಿನಲ್ಲಿದ್ದ ಲೇಪ ಮೆತ್ತಗೇ ಉಳಿದು ನೀರಿಗೆ ತೊಳೆದುಹೋಗುತ್ತದೆ, ಅಲ್ಲಿ ಜಾಲರಿಯ ಕಣ್ಣು ತೆರೆಯುತ್ತದೆ. ಆಮೇಲೆ ರಬ್ಬರು ಪಟ್ಟಿಯಿಂದ ಶಾಯಿ ಎಳೆಯುವುದು. ಇಲ್ಲೂ ಬೂದು ಇಲ್ಲ! ಆದರೆ ಕಣ್ಣಿಗೆ ಮೋಸ ಮಾಡುವ ಒಂದು ಉಪಾಯವಿದೆ. ಚಿತ್ರವನ್ನು ಚುಕ್ಕೆಗಳಾಗಿ ಒಡೆಯುವುದು. ಗಾಢ ಬೇಕಾದಲ್ಲಿ ದೊಡ್ಡ ಚುಕ್ಕೆ, ತಿಳಿ ಬೇಕಾದಲ್ಲಿ ಸಣ್ಣ ಚುಕ್ಕೆ. ದೂರದಿಂದ ನೋಡುವ ಕಣ್ಣು ಚುಕ್ಕೆ ಮರೆತು ಛಾಯೆ ಕಾಣುತ್ತದೆ. ಬಣ್ಣಕ್ಕೂ ಇದೇ ತಂತ್ರ: ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು, ನಾಲ್ಕೇ ಶಾಯಿ, ನಾಲ್ಕು ಚೌಕಟ್ಟು. ನೀಲಿ ಹಳದಿ ಚುಕ್ಕೆಗಳು ಅಕ್ಕಪಕ್ಕ ಬಿದ್ದರೆ ಕಾಡು. ಒಳ್ಳೆಯ ನುಣುಪು ಕಾಗದದ ಮೇಲೆ ಅಂಗುಲಕ್ಕೆ ಸುಮಾರು 150 ಸಾಲು ಚುಕ್ಕೆ ಹಿಡಿಸುತ್ತವೆ. ದಿನಪತ್ರಿಕೆಗೆ 85ರ ಆಸುಪಾಸು. ಒರಟು ಚೀಲಕ್ಕೆ ಐವತ್ತರ ಸುಮಾರಿಗೆ ಸಾಕೋ ಸಾಕು. ಹಾಗಾಗಿ ಹಕ್ಕಿಯ ಗರಿಯ ಎಳೆ, ಹುಲ್ಲಿನ ತುದಿ ಇವೆಲ್ಲ ಮೊದಲೇ ಮಾಯ. ಉಳಿಯುವುದು ದೊಡ್ಡ ಆಕಾರ, ಗಾಢ ಬಣ್ಣ. ಕುಂಕುಮದ ಕೆಂಪಿನ ಹಕ್ಕಿ ಚೀಲಕ್ಕೆ ಒಗ್ಗುತ್ತದೆ, ನಸು ಗುಲಾಬಿಯ ನಮ್ಮ ಹಕ್ಕಿ ಬಿಳಿ ಕಲೆಯಾಗಿ ಕಂಡೀತು.

ಇನ್ನು ಹೊಳಪಿನ ಚೀಲ, ಜಿಪ್ ಇರುವ ದೊಡ್ಡವು, 25 ಕಿಲೋ ಅಕ್ಕಿಯ ಚೀಲದಂಥವು, ಇವುಗಳ ದಾರಿ ಬೇರೆ. ಉಕ್ಕಿನ ಉರುಳೆಗೆ ತಾಮ್ರದ ಪದರು ಕೊಟ್ಟು, ಅದರಲ್ಲಿ ಲಕ್ಷಾಂತರ ಸೂಕ್ಷ್ಮ ಗುಳಿ ಕೊರೆದು, ಮೇಲೆ ಕ್ರೋಮಿಯಂ ಲೇಪಿಸುತ್ತಾರೆ. ಗುಳಿಯಲ್ಲಿ ನಿಂತ ಶಾಯಿ ತೆಳು ಪ್ಲಾಸ್ಟಿಕ್ ಹಾಳೆಗೆ ಹತ್ತುತ್ತದೆ. ಆ ಹಾಳೆಯನ್ನು ಮಗುಚಿ ಚೀಲದ ಮೈಗೆ ಅಂಟಿಸುತ್ತಾರೆ. ಚಿತ್ರ ಎರಡು ಪದರಗಳ ನಡುವೆ ಇರುವುದರಿಂದ ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ಇದರಲ್ಲಿ ಚುಕ್ಕೆ ನಯ, ಚಿತ್ರ ಚೆಂದ. ಆದರೆ ಒಂದೊಂದು ಬಣ್ಣಕ್ಕೂ ಒಂದೊಂದು ಉರುಳೆ, ಉರುಳೆಗೆ ಖರ್ಚು ಜಾಸ್ತಿ. ಸಾವಿರ ಚೀಲಕ್ಕಾಗಿ ಯಾರೂ ಉರುಳೆ ಕೊರೆಸುವುದಿಲ್ಲ. ಕೊರೆಸಿದ ಮೇಲೆ ಲಕ್ಷಗಟ್ಟಲೆ ತೆಗೆಯಬೇಕು, ದಾದರಿನಲ್ಲೂ ಮಾರಬೇಕು, ದಾವಣಗೆರೆಯಲ್ಲೂ ಮಾರಬೇಕು. ಎಲ್ಲ ಊರಿಗೂ ಸಲ್ಲಬೇಕಾದ ಚಿತ್ರ ಯಾವ ಊರಿನದೂ ಆಗಿರಬಾರದು! ಚಿತ್ರಗಳನ್ನು ಗುಡ್ಡೆ ಹಾಕಿ ಮಾರುವ, ಕೆಲವೊಮ್ಮೆ ಪುಕ್ಕಟೆ ಕೊಡುವ ಭಂಡಾರಗಳು ಇವೆಯಲ್ಲ, ಅಲ್ಲಿಂದ ಒಂದು ಜಲಪಾತ ಎತ್ತಿಕೊಂಡರೆ ಆಯಿತು.

ಸರಕಿನ ಮೇಲೆ ಚಿತ್ರ ಹಾಕುವುದು ಈ ಊರಿಗೆ ಹೊಸದಲ್ಲ. ಗಿರಣಿಗಳ ಬಟ್ಟೆಯ ಥಾನಿನ ಮೇಲೆ ಬಣ್ಣದ ಚೀಟಿ ಅಂಟಿಸುತ್ತಿದ್ದ ಕಾಲವಿತ್ತು: ಆನೆ, ಹುಲಿ, ಲಕ್ಷ್ಮಿ, ನವಿಲು. ಓದು ಬಾರದವರೂ ಛಾಪು ನೋಡಿ ಮಾಲು ಗುರುತಿಸುತ್ತಿದ್ದರು. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಶುರುವಾದದ್ದು ಮುಂಬಯಿಯಲ್ಲೇ; ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಆ ಸರಸ್ವತಿ ಲಕ್ಷ್ಮಿಯರೂ ಮನೆಮನೆಗೆ ಹೋದ ಅಗ್ಗದ ಪ್ರತಿಗಳೇ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅವುಗಳ ಕೆಳಗೆ ರವಿವರ್ಮ ಪ್ರೆಸ್ಸಿನ ಹೆಸರು ಇರುತ್ತಿತ್ತು. ಚೀಲದ ಜಲಪಾತದ ಕೆಳಗೆ ಏನಿರುತ್ತದೆ? ಅಂಗಡಿಯ ಹೆಸರು, ಫೋನ್ ನಂಬರು.

ಫೋಟೋ ತೆಗೆದವರ ಹೆಸರು ಇರುವುದಿಲ್ಲ. ನನ್ನ ತಕರಾರಿನ ಅರ್ಧ ಪಾಲು ಇದು. ಕ್ಯಾಮೆರಾ ಇದ್ದರೆ ಯಾರು ಬೇಕಾದರೂ ತೆಗೆಯಬಹುದಲ್ಲ ಎನ್ನುವವರಿಗೆ ನಮ್ಮ ನಾಡಿನ ದೊಡ್ಡವರನ್ನು ನೆನಪಿಸಬೇಕು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಫಿಲ್ಮಿನ ಕಾಲದವರು. ಒಂದು ರೀಲಿಗೆ 36 ಚಿತ್ರ, ತೊಳೆಸಿ ನೋಡುವವರೆಗೆ ಬಂತೋ ಇಲ್ಲವೋ ತಿಳಿಯದು. ಹಕ್ಕಿಯ ಗೂಡಿನೆದುರು ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಅಲುಗದೆ ಕೂರಬೇಕು, ಗೂಡಿಗೆ ತೊಂದರೆಯಾಗದಂತೆ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದ ತೇಜಸ್ವಿಯವರನ್ನು ಕನ್ನಡ ವಿದ್ಯಾರ್ಥಿಗಳಿಗೆ ನಾನು ಪರಿಚಯಿಸಬೇಕಾಗಿಲ್ಲ. ಅವರ ಬರಹದ ಕೆಳಗಿನ ಹೆಸರು ತೆಗೆದು ಚೀಲದ ಮೇಲೆ ಅಚ್ಚು ಹಾಕಿದರೆ ನಾವು ಸುಮ್ಮನಿರುತ್ತೇವೆಯೆ? ಫೋಟೋ ಆದರೆ ಮಾತ್ರ ಸುಮ್ಮನಿರುತ್ತೇವೆ.

ಕಾನೂನು ಸುಮ್ಮನಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕೂ ಸಾಹಿತ್ಯ ಕೃತಿಯ ಹಾಗೆಯೇ ಕರ್ತೃವಿನ ಆಯುಷ್ಯ ಮತ್ತು ಆಮೇಲೆ 60 ವರ್ಷ. ದುಡ್ಡು ಪಡೆದು ಹಕ್ಕು ಮಾರಿದರೂ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಆದರೆ ಹೆಸರು ಹಾಕಬೇಕಾಗಿಲ್ಲ ಎಂಬ ಕರಾರಿನಲ್ಲೇ ಭಂಡಾರಗಳಿಂದ ಎಷ್ಟೋ ಚಿತ್ರ ಸಿಕ್ಕುತ್ತವೆ. ಇಲ್ಲದಿದ್ದರೂ ಗಲ್ಲಿಯ ಅಚ್ಚಿನಂಗಡಿಗೆ ಹೋಗಿ ಕೇಳುವವರು ಯಾರು?

ಈಗ ಚಿತ್ರ ಬಿಟ್ಟು ಚೀಲಕ್ಕೆ ಬರೋಣ. ‘ಬಟ್ಟೆ ಚೀಲ’ ಎಂದು ಅಂಗಡಿಯಲ್ಲಿ ಕೊಡುವ ಮೆತ್ತನೆಯ ಬಣ್ಣದ ಚೀಲವನ್ನು ಬೆಳಕಿಗೆ ಹಿಡಿಯಿರಿ. ಹಾಸು ಹೊಕ್ಕು ಕಾಣುವುದಿಲ್ಲ, ಸಾಲಾಗಿ ಒತ್ತಿದ ಸಣ್ಣ ಚುಕ್ಕೆಗಳ ಗುರುತು ಕಾಣುತ್ತದೆ. ಅದು ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಾಳು ಕರಗಿಸಿ, ಶಾವಿಗೆಯ ಹಾಗೆ ಎಳೆ ತೆಗೆದು, ಅಡ್ಡಾದಿಡ್ಡಿ ಹರಡಿ, ಬಿಸಿ ಉರುಳೆಯಿಂದ ಒತ್ತಿ ಬೆಸೆದದ್ದು. ಒಂದು ಎಳೆ ಕಿತ್ತು ಉರಿಗೆ ಹಿಡಿದರೆ ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಇದು ಕರಗಿ ಗುಂಡಾಗುತ್ತದೆ. 1982ರ ಮುಷ್ಕರದವರೆಗೂ ಲಕ್ಷಾಂತರ ಜನ ಗಿರಣಿ ಕೆಲಸದ ಮೇಲೆ ಬದುಕುತ್ತಿದ್ದ ಊರಿದು. ಇಲ್ಲಿ ‘ನೇಯದ ಬಟ್ಟೆ’ಯನ್ನು ಬಟ್ಟೆ ಎಂದು ನಂಬಿಸುತ್ತಾರೆ!

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿದಾಗ ಗಟಾರಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳ ಮಾತು ಎಲ್ಲರ ಬಾಯಲ್ಲೂ ಬಂತು. 2006ರಲ್ಲಿ 50 ಮೈಕ್ರಾನಿಗಿಂತ ತೆಳು ಚೀಲಕ್ಕೆ ಮಹಾರಾಷ್ಟ್ರ ತಡೆ ಹಾಕಿತು. 2018ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲಗಳನ್ನೇ ನಿಷೇಧಿಸಿತು. ಮೊದಲ ತಪ್ಪಿಗೆ ದಂಡ 5,000 ರೂಪಾಯಿ. ಕೇಂದ್ರದ 2021ರ ನಿಯಮ ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾದ ನೇಯದ ಚೀಲ ಕೂಡದು ಎಂದಿತು. ಅಂದರೆ ದಪ್ಪ ಇದ್ದರೆ ನಡೆದೀತು. ಆ ದಪ್ಪ ಚೀಲದ ಮೇಲೆ ಹಸಿರು ಎಲೆ, ಭೂಗೋಳ, ಕಾಡು ಅಚ್ಚು ಹಾಕಿ ಕೊಟ್ಟರೆ ಹಿಡಿದವರಿಗೂ ಸಮಾಧಾನ, ತಾನು ನಿಸರ್ಗಕ್ಕೆ ಉಪಕಾರ ಮಾಡಿದೆ ಎಂದು. ಚಿತ್ರ ಅಲ್ಲಿ ಮಾಡುವ ನಿಜವಾದ ಕೆಲಸ ಇದೇ ಎಂದು ನನ್ನ ಗುಮಾನಿ.

ಈ ಚೀಲ ಎಷ್ಟು ದಿನ ಬಾಳುತ್ತದೆ? ಬಿಸಿಲಿಗೆ ಬಿದ್ದರೆ ಮೊದಲು ಮಾಸುವುದು ಮಜೆಂಟಾ ಮತ್ತು ಹಳದಿ, ನೀಲಿ ಗಟ್ಟಿ. ಬಾಲ್ಕನಿಯಲ್ಲಿ ವರ್ಷಗಟ್ಟಲೆ ನೇತುಬಿದ್ದ ಚೀಲ ನೋಡಿ: ಹಕ್ಕಿ ಹಾರಿಹೋಗಿ ಬರೀ ನೀಲಿ ನೀರು ಉಳಿದಿರುತ್ತದೆ. ಆಮೇಲೆ ಪ್ಲಾಸ್ಟಿಕ್ಕೇ ಪೆಡಸಾಗಿ ಕೈ ಹಾಕಿದರೆ ಪುಡಿಪುಡಿ. ಪುಡಿಯಾದ ಮಾತ್ರಕ್ಕೆ ಮಣ್ಣಾಯಿತು ಎಂದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಆಯಿತು ಅಷ್ಟೆ. ಗಟಾರ ಸೇರಿದರೆ ಮಳೆಗಾಲದಲ್ಲಿ ಸಮುದ್ರದ ದಾರಿ. ವಿಹಾರ ಕೆರೆಯ ಕೆಳಗೆ ಹುಟ್ಟಿ, ಸುಮಾರು 18 ಕಿಲೋಮೀಟರ್ ಹರಿದು, ಕುರ್ಲಾ ಧಾರಾವಿ ದಾಟಿ ಮಾಹಿಮಿನ ಖಾಡಿ ಸೇರುವ ಮಿಠಿ ನದಿಯ ದಡದಲ್ಲಿ ಇಳಿತದ ಹೊತ್ತಿಗೆ ನಿಂತು ನೋಡಿ. ಕಾಂಡ್ಲಾ ಗಿಡಗಳ ಕೊಂಬೆಗಳಿಗೆ ಚೀಲಗಳು ತೋರಣದಂತೆ ಜೋತುಬಿದ್ದಿರುತ್ತವೆ. ಪೂರ್ವದ ನಾಲೆಗಳು ಹೋಗಿ ಬೀಳುವುದು ಠಾಣೆಯ ಖಾಡಿಗೆ, ರಾಜಹಂಸಗಳು ಕೊಕ್ಕು ಮಗುಚಿ ಕೆಸರು ಸೋಸಿ ತಿನ್ನುವ ಜಾಗಕ್ಕೆ. ಸೋಸಿ ತಿನ್ನುವ ಪ್ರಾಣಿಗೆ ಇದು ಪಾಚಿ, ಇದು ಪ್ಲಾಸ್ಟಿಕ್ ಎಂದು ಆರಿಸುವ ವ್ಯವಧಾನ ಎಲ್ಲಿಂದ ಬರಬೇಕು?

ಹತ್ತಿ ಚೀಲ ತಂದರೆ ಎಲ್ಲ ಪಾಪ ಪರಿಹಾರ ಎಂದೂ ತಿಳಿಯಬೇಡಿ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಹಾಕಿತ್ತು. ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹವೆಯ ಬಿಸಿಯೊಂದನ್ನೇ ಎಣಿಸಿದರೂ ಹತ್ತಿ ಚೀಲವನ್ನು 52 ಸಲ ಬಳಸಬೇಕು. ನೀರು, ಗೊಬ್ಬರ ಮೊದಲಾದ ಎಲ್ಲ ಹಾನಿಗಳನ್ನೂ ಸೇರಿಸಿದರೆ 7,100 ಸಲ!  ಅಲ್ಲಿಯವರು ಹಳೆಯ ಚೀಲ ಸುಟ್ಟು ಶಾಖ ತೆಗೆಯುತ್ತಾರೆ, ಖಾಡಿಗೆ ಬೀಳುವ ಚೀಲ ಆ ಲೆಕ್ಕದಲ್ಲಿಲ್ಲ. ಆದರೂ ಸಭೆಗೊಂದು, ಸಮ್ಮೇಳನಕ್ಕೊಂದು ಹೊಸ ಚೀಲ ಹಂಚುವ ನಮ್ಮ ಸಂಘಸಂಸ್ಥೆಗಳು ಇದನ್ನು ಗಮನಿಸಬೇಕು. ನನ್ನ ಗೂಟಕ್ಕೆ ನೇತುಹಾಕಿದ್ದೇ ಒಂಬತ್ತಿವೆ.

ನಮ್ಮ ಸಾಹಿತ್ಯ ಮಂಡಲದ ವಾರ್ಷಿಕೋತ್ಸವಕ್ಕೆ ಚೀಲ ಮಾಡಿಸುವ ಮಾತು ಎದ್ದಿರುವುದರಿಂದ ನನ್ನ ಸಲಹೆ ಇಲ್ಲಿಯೇ ಬರೆದುಬಿಡುತ್ತೇನೆ. ಹೊಸ ಬಟ್ಟೆ ಬೇಡ. ಪ್ರತಿಯೊಬ್ಬರೂ ಮನೆಯ ಹಳೆಯ ಹತ್ತಿ ಹೊದಿಕೆಯನ್ನೋ ದಪ್ಪ ಪಂಚೆಯನ್ನೋ ತಂದರೆ ಹೊಲಿಯುವುದು ಕಷ್ಟವಲ್ಲ. ಚಿತ್ರ ನಮ್ಮವರೇ ತೆಗೆದದ್ದು ಇರಲಿ. ರಾಜಹಂಸ ಬೇಡ, ಆ ನಸು ಗುಲಾಬಿ ನಮ್ಮ ಒಂದೇ ಚೌಕಟ್ಟಿಗೆ ದಕ್ಕುವುದಿಲ್ಲ. ಕಾಂಡ್ಲಾವನದ ಬೇರುಗಳನ್ನು ತೆಗೆಯಿರಿ. ಇಳಿತದಲ್ಲಿ ಕೆಸರಿನಿಂದ ನೂರಾರು ಪೆನ್ಸಿಲು ಚುಚ್ಚಿಟ್ಟಂತೆ ಮೇಲೆದ್ದು ಉಸಿರಾಡುವ ಬೇರುಗಳವು. ಬೆಳಗಿನ ಓರೆ ಬಿಸಿಲಿನಲ್ಲಿ ಅವುಗಳ ನೆರಳು ಉದ್ದವಾಗಿ ಬಿದ್ದಾಗ ತೆಗೆದರೆ ಕಪ್ಪು ಬಿಳುಪಿನಲ್ಲಿ, ಅಂಗುಲಕ್ಕೆ 45 ಸಾಲಿನ ಒರಟು ಚುಕ್ಕೆಯಲ್ಲೂ ಚೆನ್ನಾಗಿ ಮೂಡುತ್ತವೆ. ಕೆಳಗೆ ಎರಡು ಸಾಲು ಕನ್ನಡದಲ್ಲಿ: ಯಾವ ಖಾಡಿ, ಯಾವ ತಿಂಗಳು, ತೆಗೆದವರು ಯಾರು. ಶಾಯಿ ನೀರಿನಲ್ಲಿ ಕಲಸುವ ಜಾತಿಯದು ಸಾಕು. ಒಣಗಿದ ಮೇಲೆ ಒಳಮಗ್ಗುಲಿನಿಂದ ಬಿಸಿ ಇಸ್ತ್ರಿ ಹಾಕುವುದನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಮೊದಲ ಒಗೆತಕ್ಕೇ ಬೇರು ಬಿಟ್ಟುಹೋದೀತು.